ನೀರಿನ ಮಟ್ಟ ಕೇಳುತ್ತಿದ್ದ ಪ್ಲಗಿನ್

ಶಿಷ್ಯೆ ಕೇಳಿದಳು:

"ಗುರುಗಳೇ, ನನ್ನ ಕೈಗೆ ಬಂದ ಒಂದು ಜಾಲತಾಣ ತೆರೆಯುವುದಕ್ಕೆ ಹದಿನೆಂಟು ಸೆಕೆಂಡು ಹಿಡಿಯುತ್ತಿದೆ. ಮೂರು ದಿನ ಕುಳಿತು ಕಾರಣ ಹುಡುಕಿದೆ. ತಾಣಕ್ಕೆ ಹೊರಗಿನಿಂದ ಜೋಡಿಸಿದ ಒಂದು ಪ್ಲಗಿನ್ ಪುಟವನ್ನು ತಡೆದು ನಿಲ್ಲಿಸುತ್ತಿದೆ. ಅದೊಂದನ್ನು ಬಂದ್ ಮಾಡಿದರೆ ಪುಟ ಕಣ್ಮುಚ್ಚಿ ತೆರೆಯುವುದರೊಳಗೆ ಬರುತ್ತದೆ. ಕಿತ್ತುಹಾಕಲೇ ಎಂದು ನಿನ್ನೆ ಕೇಳಿದೆ. ನೀವು 'ನಾಳೆ ಬಾ' ಎಂದಿರಿ. ದೋಷ ಸಿಕ್ಕ ಮೇಲೂ ತಡ ಮಾಡುವುದೇಕೆ?"

ಗುರು ಓದುತ್ತಿದ್ದ ಹಾಳೆಯನ್ನು ಮಡಿಸಿಟ್ಟರು. ಅವರು ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದವರು. ಯಂತ್ರಗಳು ಬದಲಾದಂತೆ ತಾವೂ ಹೊಸದನ್ನು ಕಲಿತು, ಅದೇ ಕೋಣೆಯಲ್ಲಿ ಈಗ ಜಾಲತಾಣ ಕಟ್ಟುವುದನ್ನೂ ಕೆಟ್ಟದ್ದನ್ನು ಸರಿಪಡಿಸುವುದನ್ನೂ ಕಲಿಸುತ್ತಿದ್ದರು. ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವ ಅಭ್ಯಾಸ ಅವರಿಗೆ ಇರಲಿಲ್ಲ.

"ಕೂತುಕೋ," ಎಂದರು. "ಒಂದು ಊರಿನ ಕತೆ ಹೇಳುತ್ತೇನೆ."

ಹೊಳೆಯ ದಡದಲ್ಲಿ ಹಿರೇಕಡವು ಎಂಬ ಊರಿತ್ತು. ಇನ್ನೂರು ಮನೆಗಳ ಊರು. ಹೊಳೆಗೆ ಕೆಳಗಡೆ ಅಣೆಕಟ್ಟು ಕಟ್ಟಿದರು. ನೀರು ಹಿಂದಕ್ಕೆ ಬಂತು. ಊರಿನವರು ಬಾಗಿಲು, ಕಿಟಕಿ, ತೊಲೆಗಳನ್ನು ಬಿಚ್ಚಿ ಗಾಡಿಗೆ ಹೇರಿಕೊಂಡು ಎತ್ತರದ ಕಡೆಗೆ ಹೊರಟರು. ಎಲ್ಲರಿಗೂ ಒಂದೇ ಕಡೆ ಜಾಗ ಸಿಗಲಿಲ್ಲ. ಏಳು ಕಡೆ ಹಂಚಿಹೋದರು. ಒಂದೇ ಗೋಡೆಯ ಆಚೆ ಈಚೆ ಇದ್ದವರು ಎರಡು ಬಸ್ಸು ಬದಲಿಸಿ ಹೋಗಿ ಮಾತಾಡಬೇಕಾಯಿತು. ಹಳೆಯ ಊರಿನಲ್ಲಿ ಮನೆಗಳಿಗೆ ಹೆಸರಿದ್ದವು: ಗಾಣದ ಮನೆ, ಬೇವಿನಕಟ್ಟೆಯ ಮನೆ, ಎರಡು ಬಾಗಿಲ ಮನೆ. ಹೊಸ ಜಾಗದಲ್ಲಿ ಮನೆಗಳಿಗೆ ನಂಬರು ಇದ್ದವು.

ಹೀಗೆ ಮೂವತ್ತು ವರ್ಷ ಕಳೆಯಿತು.

ಆ ಊರಿನಲ್ಲಿ ಹುಟ್ಟಿದ ಬಸಲಿಂಗಪ್ಪ ಎಂಬವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ನಿವೃತ್ತರಾದ ಮೇಲೆ ಅವರು ಒಂದು ಕೆಲಸ ಹಿಡಿದರು. ಮುಳುಗಿದ ಊರಿನ ನಕ್ಷೆ ಬರೆಯತೊಡಗಿದರು. ತಮಗೆ ನೆನಪಿದ್ದಷ್ಟು ಮೊದಲು ಬರೆದರು. ಉಳಿದದ್ದನ್ನು ಏಳೂ ಕಡೆಗೆ ಹೋಗಿ ಕೇಳಿ ಬರೆದರು. ಬಾವಿ ಹಿಟ್ಟಿನ ಗಿರಣಿಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬ ಮಾತಿಗೆ ಇಬ್ಬರು ಅಣ್ಣತಮ್ಮಂದಿರು ಒಂದು ವಾರ ಮಾತು ಬಿಟ್ಟರು. ಕೊನೆಗೆ ಮಾಸ್ತರರು ಆ ಬಾವಿಯ ನೀರು ಹೊತ್ತ ಹೆಂಗಸರನ್ನು ಕೇಳಿದರು. ಅವರು ಕೊಡ ಯಾವ ಸೊಂಟದ ಮೇಲಿತ್ತು, ಮನೆಗೆ ಬರುವಾಗ ಬಿಸಿಲು ಯಾವ ಕೆನ್ನೆಗೆ ಬೀಳುತ್ತಿತ್ತು ಎಂದು ನೆನೆದು, ಎಡಕ್ಕೆ ಎಂದರು. ಅದೇ ಖಾಯಂ ಆಯಿತು.

ನಕ್ಷೆ ಮುಗಿದ ಮೇಲೆ ಮಾಸ್ತರರು ಅದನ್ನು ಜಾಲತಾಣಕ್ಕೆ ಹಾಕಿಸಿದರು. ಪುಟ ತೆರೆದರೆ ಊರು ಕಾಣುತ್ತಿತ್ತು. ಒಂದು ಮನೆಯನ್ನು ಮುಟ್ಟಿದರೆ ಆ ಮನೆಯವರ ಹೆಸರುಗಳೂ ಸಿಕ್ಕಿದ ಫೋಟೋಗಳೂ ಬರುತ್ತಿದ್ದವು. ಕೆಳಗೆ ಜನ ತಮಗೆ ನೆನಪಾದದ್ದನ್ನು ಬರೆಯುತ್ತಿದ್ದರು. 'ಈ ಮನೆಯ ಹಿತ್ತಲಲ್ಲಿ ನುಗ್ಗೆ ಗಿಡವಿತ್ತು, ನಾವು ಕೇಳದೆ ಕಾಯಿ ಕಿತ್ತಿದ್ದೇವೆ' ಎಂದು ಒಬ್ಬರು ಬರೆದರು. 'ಗೊತ್ತಿತ್ತು' ಎಂದು ಆ ಮನೆಯವರು ಕೆಳಗೆ ಬರೆದರು. ಏಳು ಕಡೆಯಲ್ಲೂ ಬೆಳಗಿನ ಚಹದ ಹೊತ್ತಿಗೆ ಆ ಪುಟ ತೆರೆಯುವುದು ರೂಢಿಯಾಯಿತು.

ಪ್ರತಿ ಪುಟದ ಕೆಳತುದಿಯಲ್ಲಿ ಒಂದು ಸಾಲು ಇತ್ತು: 'ಇಂದು ನೀರಿನ ಮಟ್ಟ ಇಷ್ಟು ಅಡಿ.'

ಆ ಸಾಲಿಗೆ ಕಾರಣವಿತ್ತು. ನೀರು ಪ್ರತಿ ಬೇಸಿಗೆಯಲ್ಲೂ ಇಳಿಯುತ್ತದೆ. ಊರು ಕಾಣುವಷ್ಟು ಇಳಿಯುವುದು ಮಾತ್ರ ಅಪರೂಪ. ಅಣೆಕಟ್ಟಿನ ಅಳತೆಗಂಬದಲ್ಲಿ ಮಟ್ಟ ಮೂವತ್ತೆರಡು ಅಡಿಗಿಂತ ಕೆಳಗೆ ಹೋದರೆ ಮೊದಲು ಬಾವಿಯ ಕಟ್ಟೆ, ಆಮೇಲೆ ಜಗಲಿಗಳು, ಹೊಸ್ತಿಲುಗಳು ಮೇಲೆ ಬರುತ್ತವೆ. ಕೆಲವೇ ದಿನ. ಆ ದಿನಗಳಲ್ಲಿ ಜನ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ, ಕೆಸರು ಒಣಗಿದ ಓಣಿಯಲ್ಲಿ ನಡೆದು, ತಮ್ಮ ತಮ್ಮ ಜಗಲಿಯ ಮೇಲೆ ಕೂತು ಉಂಡು ಬರುತ್ತಾರೆ. ಹಿಂದೆ ಊರು ಎದ್ದಿದ್ದು ಹನ್ನೊಂದು ವರ್ಷದ ಕೆಳಗೆ. ಆಗ ತಾಣ ಇರಲಿಲ್ಲ. ಮಾಸ್ತರರೇ ವಾರಕ್ಕೊಮ್ಮೆ ದಡಕ್ಕೆ ಹೋಗಿ ನೋಡಿ ಬಂದು ಸುದ್ದಿ ಮುಟ್ಟಿಸಿದ್ದರು. ತಾಣ ಬಂದ ಮೇಲೆ, ಮೊಣಕಾಲು ನೋಯುವುದೂ ಸೇರಿ, ದಡಕ್ಕೆ ಹೋಗುವುದು ತಪ್ಪಿತ್ತು.

ನೀರಿನ ಮಟ್ಟದ ಸಾಲನ್ನು ಬರೆಯುತ್ತಿದ್ದದ್ದು ಒಂದು ಪ್ಲಗಿನ್. ಯಾರಾದರೂ ಪುಟ ತೆರೆದರೆ ಸಾಕು, ಅದು ಅಣೆಕಟ್ಟಿನ ಕಚೇರಿಯ ಒಂದು ಕಂಪ್ಯೂಟರನ್ನು ಕೇಳುತ್ತಿತ್ತು: ಇವತ್ತು ನೀರು ಎಷ್ಟಿದೆ? ಬಂದ ಉತ್ತರವನ್ನು ಪುಟದ ತುದಿಯಲ್ಲಿ ಬರೆದು ಸುಮ್ಮನಾಗುತ್ತಿತ್ತು. ಐದು ವರ್ಷ ಹೀಗೆ ನಡೆಯಿತು.

ಒಂದು ಶ್ರಾವಣದಲ್ಲಿ ತಾಣ ನಿಧಾನವಾಯಿತು. ಪುಟ ತೆರೆಯಲು ಅರ್ಧ ನಿಮಿಷ ಬೇಕಾಯಿತು. ಸಿಗ್ನಲ್ ಕಡಿಮೆ ಇರುವ ಕಡೆ ಅದಕ್ಕಿಂತ ಹೆಚ್ಚು. ಜನ ಬಿಳಿ ಪರದೆ ನೋಡುತ್ತ ಕೂತರು. ಆಮೇಲೆ ಫೋನು ಕೆಳಗಿಟ್ಟರು. ಬರೆಯುವವರು ಕಡಿಮೆಯಾದರು. ಪುಷ್ಯದ ಹೊತ್ತಿಗೆ ದಿನಕ್ಕೆ ಒಬ್ಬರೂ ಬರೆಯದಂತಾಯಿತು.

ಮಾಸ್ತರರಿಗೆ ಕಾರಣ ತಿಳಿಯಲಿಲ್ಲ. ತಮ್ಮ ಮನೆಯ ಹಳೆಯ ಕಂಪ್ಯೂಟರ್ ಮೊದಲಿನಿಂದಲೂ ನಿಧಾನ, ಅದಕ್ಕೆ ಪುಟ ಬರಲು ಹೊತ್ತಾಗುತ್ತದೆ ಎಂದುಕೊಂಡಿದ್ದರು. ಜನ ಯಾಕೆ ಬರೆಯುತ್ತಿಲ್ಲ ಎಂಬುದಕ್ಕೆ ಅವರು ಬೇರೆ ಕಾರಣ ಕಂಡುಕೊಂಡರು. ಊರನ್ನು ಕಂಡವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ, ಉಳಿದವರಿಗೆ ಮರೆತಿದೆ. ಹಾಗೆ ಅಂದುಕೊಂಡು ಅವರು ನಾಲ್ಕು ತಿಂಗಳು ಒಳಗೊಳಗೇ ನೊಂದರು. ಮಾಘದಲ್ಲಿ ಒಂದು ಮದುವೆಯಲ್ಲಿ ಊರಿನ ಒಬ್ಬರು ಸಿಕ್ಕು, "ಮಾಸ್ತರರೇ, ನಿಮ್ಮ ಪುಟ ಈಗ ತೆರೆಯುವುದೇ ಇಲ್ಲವಲ್ಲ," ಎಂದರು. ಆ ಮಾತು ಕೇಳಿ ಅವರಿಗೆ ದುಃಖವಾಗಲಿಲ್ಲ. ಮೈ ಹಗುರಾಯಿತು. ಜನ ಮರೆತಿರಲಿಲ್ಲ. ಬಾಗಿಲು ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಅಷ್ಟೇ.

ಮರುದಿನವೇ ಅವರು ಫಕೀರೇಶ ಎಂಬವನನ್ನು ಕರೆಸಿದರು. ಫಕೀರೇಶ ತಾಣಗಳನ್ನು ರಿಪೇರಿ ಮಾಡುವವನು. ಚುರುಕಿನ ಕೈ. ಆ ಊರಿನವನಲ್ಲ.

ಅವನು ಕೆಲಸವನ್ನು ಕ್ರಮವಾಗಿ ಮಾಡಿದ. ಮೊದಲು ಇಡೀ ತಾಣದ ಒಂದು ನಕಲು ತೆಗೆದಿಟ್ಟ. ಆಮೇಲೆ ಭಾರವಾದ ಫೋಟೋಗಳನ್ನು ಹಗುರ ಮಾಡಿದ. ಅದರಿಂದ ಒಂದೆರಡು ಸೆಕೆಂಡು ಉಳಿಯಿತು, ಅಷ್ಟೇ. ಆಮೇಲೆ ಪ್ಲಗಿನ್‌ಗಳಿಗೆ ಬಂದ. ಹನ್ನೊಂದು ಇದ್ದವು. ಒಂದನ್ನು ಬಂದ್ ಮಾಡುವುದು, ಪುಟ ತೆರೆದು ಗಡಿಯಾರ ನೋಡುವುದು, ಅದನ್ನು ಮತ್ತೆ ಚಾಲೂ ಮಾಡಿ ಮುಂದಿನದಕ್ಕೆ ಹೋಗುವುದು. ಫೋಟೋ ಜೋಡಿಸುವ ಪ್ಲಗಿನ್ ಅಲ್ಲ. ಅಕ್ಷರ ಚಂದ ಮಾಡುವುದೂ ಅಲ್ಲ. ಜನರ ಬರಹ ಕೂಡಿಡುವುದೂ ಅಲ್ಲ. ಒಂಬತ್ತನೆಯದನ್ನು ಬಂದ್ ಮಾಡಿದಾಗ ಊರು ತಟ್ಟನೆ ತೆರೆಯಿತು.

ಮಾಸ್ತರರು ಮುಂದಕ್ಕೆ ಬಾಗಿ ಕೂತರು. ಗಾಣದ ಮನೆಯನ್ನು ಮುಟ್ಟಿದರು. ತೆರೆಯಿತು. ಬೇವಿನಕಟ್ಟೆಯ ಮನೆಯನ್ನು ಮುಟ್ಟಿದರು. ತೆರೆಯಿತು. ಹಾಗೆಯೇ ಓಣಿಯ ಕೊನೆಯವರೆಗೂ ಒಂದೊಂದೇ ಮನೆ ಮುಟ್ಟುತ್ತ ಹೋದರು. ಹೆಸರುಗಳನ್ನು ಸಣ್ಣಗೆ ಓದಿಕೊಂಡರು. ಫಕೀರೇಶ ಅವರು ಮುಗಿಸುವವರೆಗೆ ಕಾದ.

"ಏನಾಗಿತ್ತು?" ಎಂದು ಅವರು ಕೇಳಿದರು.

"ಇದು ನೀರಿನ ಮಟ್ಟ ಬರೆಯುವ ಪ್ಲಗಿನ್. ಯಾವುದೋ ಒಂದು ಕಂಪ್ಯೂಟರನ್ನು ಕೇಳುತ್ತಿದೆ. ಆ ಕಂಪ್ಯೂಟರ್ ಈಗ ಇಲ್ಲ. ಇದು ಮೂವತ್ತು ಸೆಕೆಂಡು ಕಾಯುತ್ತದೆ. ಅಲ್ಲಿಯವರೆಗೆ ಪುಟವನ್ನೂ ಬಿಡುವುದಿಲ್ಲ. ಉತ್ತರ ಬಾರದೆ ಕೊನೆಗೆ ಸಾಲನ್ನು ಖಾಲಿ ಬಿಡುತ್ತದೆ."

"ಹಾಗಾದರೆ?"

"ತೆಗೆದುಬಿಡೋಣ, ಮಾಸ್ತರರೇ. ಇದ್ದೂ ಇಲ್ಲದಂತೆ ಇದೆ."

ಮಾಸ್ತರರು ಒಂದು ಕ್ಷಣ ಆ ಸಾಲು ಇದ್ದ ಜಾಗವನ್ನು ನೋಡಿದರು. ಬೇಸಿಗೆಗೆ ಇನ್ನೂ ಹೊತ್ತಿತ್ತು. ಬೇಕಾದರೆ ಆಮೇಲೆ ಬೇರೆ ಏನಾದರೂ ಮಾಡಿದರಾಯಿತು ಎಂದುಕೊಂಡು, "ಆಗಲಿ," ಎಂದರು. ಫಕೀರೇಶ ಪ್ಲಗಿನ್ ತೆಗೆದ. ಚಹ ಕುಡಿದು ಹೋದ.

ಜನ ತಿರುಗಿ ಬಂದರು. ಏಳು ಕಡೆಯಿಂದಲೂ ಬಂದರು. ಆರು ತಿಂಗಳು ಬರೆಯದೆ ಉಳಿದದ್ದನ್ನೆಲ್ಲ ಬರೆದರು. 'ಊರು ಮತ್ತೆ ತೆರೆಯಿತು' ಎಂದು ಒಬ್ಬರು ಬರೆದದ್ದಕ್ಕೆ ಕೆಳಗೆ ನಲವತ್ತು ಹೆಸರು ಸೇರಿದವು. ಮಾಸ್ತರರು ದಿನಾ ಓದಿದರು. ಆ ಸಂತೋಷದಲ್ಲಿ ಆ ಸಾಲು ಯಾರ ನೆನಪಿಗೂ ಬರಲಿಲ್ಲ.

ಆ ವರ್ಷ ನೀರು ಬೇಗ ಇಳಿಯಿತು.

ಚೈತ್ರದ ಕೊನೆಯಲ್ಲಿ ಬಾವಿಯ ಕಟ್ಟೆ ಕಂಡಿತು. ಎರಡು ದಿನದಲ್ಲಿ ಜಗಲಿಗಳು, ಹೊಸ್ತಿಲುಗಳು ಕಂಡವು. ಆರು ದಿನ ಊರು ಬಿಸಿಲಿಗೆ ಬಿದ್ದಿತ್ತು. ಏಳನೆಯ ದಿನ ಹೊಳೆಯ ಮೇಲ್ಭಾಗದ ಇನ್ನೊಂದು ಅಣೆಕಟ್ಟಿನಿಂದ ನೀರು ಬಿಟ್ಟರು. ಊರು ಮುಳುಗಿತು.

ಯಾರಿಗೂ ಗೊತ್ತಾಗಲಿಲ್ಲ. ನೀರು ಇಳಿದಿದ್ದರೆ ಮಾಸ್ತರರು ತಾಣದಲ್ಲಿ ಹಾಕುತ್ತಿದ್ದರು ಎಂದು ಜನ ಅಂದುಕೊಂಡಿದ್ದರು. ನೀರು ಇಳಿದಿದ್ದರೆ ಯಾರಾದರೂ ಹೇಳುತ್ತಿದ್ದರು ಎಂದು ಮಾಸ್ತರರು ಅಂದುಕೊಂಡಿದ್ದರು.

ವೈಶಾಖದಲ್ಲಿ ಹಿನ್ನೀರಿನಲ್ಲಿ ಮೀನು ಹಿಡಿಯುವವನೊಬ್ಬ ಸಂತೆಯಲ್ಲಿ ಮಾಸ್ತರರಿಗೆ ಸಿಕ್ಕ. "ಈ ಸಲ ನಿಮ್ಮ ಊರು ಎದ್ದಿತ್ತು. ಒಬ್ಬರೂ ಬರಲಿಲ್ಲವಲ್ಲ," ಎಂದ. "ಬರುತ್ತಾರೆ, ಬರುತ್ತಾರೆ ಅಂತ ನಾನೂ ನೋಡಿದೆ. ಜಗಲಿ ತುಂಬ ಬೆಳ್ಳಕ್ಕಿ ಕೂತಿದ್ದವು."

ಮಾಸ್ತರರು ಸಂತೆಯ ಚೀಲ ಹಿಡಿದುಕೊಂಡು ಅಲ್ಲಿಯೇ ನಿಂತರು. ಮನೆಗೆ ಹೋಗಿ ಫಕೀರೇಶನಿಗೆ ಫೋನು ಮಾಡಿದರು. ಬೈಯಲಿಲ್ಲ. ಆದದ್ದನ್ನು ಹೇಳಿ, "ನಾನೇ 'ಆಗಲಿ' ಅಂದಿದ್ದೆ. ನಿನ್ನ ತಪ್ಪಿಲ್ಲ," ಎಂದರು. ಫಕೀರೇಶ, "ಅಲ್ಲಿಗೆ ಹೋಗಬೇಕು ಅಂತ ಬಹಳ ಆಸೆ ಇದ್ದವರು ಯಾರಾದರೂ ಇದ್ದರೇ?" ಎಂದು ಕೇಳಿದ. ಮಾಸ್ತರರು ಸುಳ್ಳು ಹೇಳುವವರಲ್ಲ. "ನಿಂಬೆವ್ವ ಅಂತ ಒಬ್ಬಾಕೆ ಇದ್ದಾಳೆ," ಎಂದರು.

ನಿಂಬೆವ್ವನಿಗೆ ಎಂಬತ್ತನಾಲ್ಕು ವರ್ಷ. ಹದಿನಾಲ್ಕನೆಯ ವಯಸ್ಸಿಗೆ ಮದುವೆಯಾಗಿ ಆ ಊರಿಗೆ ಬಂದವಳು. ಹಿಂದಿನ ಸಲ ಊರು ಎದ್ದಾಗ ಗಂಡ ಹಾಸಿಗೆ ಹಿಡಿದಿದ್ದ; ಅವನನ್ನು ಬಿಟ್ಟು ಹೋಗಲಿಲ್ಲ. ಊರು ಬಿಟ್ಟ ಮೇಲೆ ಒಮ್ಮೆಯೂ ತನ್ನ ಜಗಲಿಯನ್ನು ನೋಡಿರಲಿಲ್ಲ. ಸೊಸೆಯ ಕೈಯಲ್ಲಿ ದಿನಾ ಬೆಳಿಗ್ಗೆ ಫೋನು ತೆರೆಸುತ್ತಿದ್ದಳು. ಫೋಟೋ ನೋಡುವುದಕ್ಕಲ್ಲ, ಆಕೆಗೆ ಕಣ್ಣು ಅಷ್ಟು ಕಾಣುತ್ತಿರಲಿಲ್ಲ. "ಕೆಳಗಿನ ಸಾಲು ಓದು," ಎನ್ನುತ್ತಿದ್ದಳು. ಸಾಲು ಖಾಲಿ ಬಂದ ದಿನದಿಂದ ಸೊಸೆ, "ಇವತ್ತು ಬರೆದಿಲ್ಲ, ಅತ್ತೆ," ಎನ್ನುತ್ತಿದ್ದಳು. ಸಾಲೇ ಹೋದ ಮೇಲೂ ಅದನ್ನೇ ಹೇಳುತ್ತಿದ್ದಳು.

ಫಕೀರೇಶ ಮಾಸ್ತರರ ಜೊತೆ ಬಸ್ಸು ಹತ್ತಿ ಆಕೆಯ ಮನೆಗೆ ಹೋದ. ಆಕೆಗೆ ಸುದ್ದಿ ಮುಟ್ಟಿತ್ತು. ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದಳು. ಅವನು ಎದುರಿಗೆ ನೆಲದ ಮೇಲೆ ಕೂತ. ತಾನು ಯಾರು, ಏನು ಮಾಡಿದೆ ಎಂಬುದನ್ನು ಹೇಳಿದ.

"ಏನು ತೆಗೆದೆ ತಮ್ಮಾ ನೀನು? ನನಗೆ ತಿಳಿಯುವ ಹಾಗೆ ಹೇಳು," ಎಂದಳು.

"ಒಂದು ಪ್ರಶ್ನೆ ತೆಗೆದೆ, ಅಜ್ಜಿ. ನೀರು ಎಷ್ಟಿದೆ ಅಂತ ಅದು ಕೇಳುತ್ತಿತ್ತು. ಆ ಕಡೆಯಿಂದ ಉತ್ತರ ಬರುತ್ತಿರಲಿಲ್ಲ. ಉತ್ತರಕ್ಕೆ ಕಾದು ಕಾದು ಎಲ್ಲರಿಗೂ ತಡವಾಗುತ್ತಿತ್ತು."

"ಉತ್ತರ ಬರದೆ ಇದ್ದರೆ ಉತ್ತರ ಕೊಡುವವನು ಎಲ್ಲಿ ಹೋದ ಅಂತ ನೋಡಬೇಕಿತ್ತು," ಎಂದಳು ನಿಂಬೆವ್ವ. "ಕೇಳುವವನ ಬಾಯಿ ಯಾಕೆ ಮುಚ್ಚಿಸಿದೆ?"

ಅವನು ತಲೆ ತಗ್ಗಿಸಿದ. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದ ಅವನಿಗೆ ಇನ್ನೂ ಕಷ್ಟವಾಯಿತು. ಹೊರಡುವಾಗ, "ನೀರು ಮತ್ತೆ ಇಳಿಯುತ್ತದೆ, ಅಜ್ಜಿ," ಎಂದ.

"ಅದು ಇಳಿಯುತ್ತದೆ," ಎಂದಳು. "ಆ ದಡ ಇಳಿಯುವ ಕಾಲು ನನಗೆ ಇನ್ನು ಎಷ್ಟು ದಿನವೋ."

ಫಕೀರೇಶ ಅಲ್ಲಿಂದ ಮನೆಗೆ ಹೋಗಲಿಲ್ಲ. ಅಣೆಕಟ್ಟಿನ ಕಡೆಯ ಬಸ್ಸು ಹತ್ತಿದ. ಕಚೇರಿಯಲ್ಲಿ ವಿಚಾರಿಸಿದ. ದಿನಾ ಬೆಳಿಗ್ಗೆ ಅಳತೆಗಂಬ ನೋಡಿ ಅಂಕಿಯನ್ನು ಆ ಕಂಪ್ಯೂಟರಿಗೆ ಹಾಕುತ್ತಿದ್ದವರು ಇಮಾಮಸಾಬ ಎಂಬವರು. ಅವರು ಹೋದ ಶ್ರಾವಣದಲ್ಲಿ ನಿವೃತ್ತರಾದರು. ಅವರ ಮೇಜಿನ ಜೊತೆ ಆ ಕಂಪ್ಯೂಟರನ್ನೂ ತೆಗೆದಿಟ್ಟರು ಎಂದು ಗೊತ್ತಾಯಿತು. ಈಗ ಲೆಕ್ಕವನ್ನು ಬೇರೆ ರೀತಿಯಲ್ಲಿ ಇಡುತ್ತಿದ್ದರು. ಹೊರಗಿನ ಯಾರೋ ಆ ಕಂಪ್ಯೂಟರನ್ನು ಕೇಳುತ್ತಿದ್ದರು ಎಂಬುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ.

ಇಮಾಮಸಾಬರ ಮನೆ ಅಲ್ಲೇ ದಿಬ್ಬದ ಮೇಲಿತ್ತು. ಫಕೀರೇಶ ಹೋದಾಗ ಅವರು ಕನ್ನಡಕ ಒರೆಸುತ್ತ ಕೂತಿದ್ದರು. ಮಾತೆಲ್ಲ ಕೇಳಿದ ಮೇಲೆ ಅವರು ಎದ್ದು ಒಳಗೆ ಹೋದರು. ಒಂದು ನೋಟುಬುಕ್ಕು ತಂದು ಅವನ ಮುಂದೆ ಇಟ್ಟರು. ತೆರೆದು ನೋಡಿದರೆ ದಿನಕ್ಕೊಂದು ಸಾಲು. ತಾರೀಖು, ಅದರ ಮುಂದೆ ನೀರಿನ ಮಟ್ಟ. ನಿವೃತ್ತಿಯ ಮರುದಿನದಿಂದ ಆ ಬೆಳಗಿನವರೆಗೂ ಒಂದು ದಿನವೂ ತಪ್ಪಿರಲಿಲ್ಲ.

"ಮೂವತ್ತನಾಲ್ಕು ವರ್ಷ ನೋಡಿದೆ," ಎಂದರು ಇಮಾಮಸಾಬ. "ಈಗಲೂ ಬೆಳಿಗ್ಗೆ ನಮಾಜು ಮುಗಿಸಿದರೆ ಕಾಲು ತಾನೇ ಆ ಕಂಬದ ಕಡೆಗೆ ಹೋಗುತ್ತದೆ. ನೋಡುತ್ತೇನೆ, ಬರೆದಿಡುತ್ತೇನೆ. ಕೇಳುವವರು ಯಾರೂ ಇಲ್ಲ. ನನ್ನ ಅಂಕಿ ಇನ್ನು ಯಾರಿಗೂ ಬೇಕಿಲ್ಲ ಅಂದುಕೊಂಡೆ."

ಫಕೀರೇಶ ಹೇಳಿದ: "ನೀವು ಹೋದ ಮೇಲೆ ಆರು ತಿಂಗಳು ಅದು ಕೇಳುತ್ತಲೇ ಇತ್ತು. ದಿನಕ್ಕೆ ನೂರು ಸಲ ಕೇಳಿತು. ಆಮೇಲೆ ನಾನು ಅದರ ಬಾಯಿ ಮುಚ್ಚಿಸಿದೆ."

ಇಮಾಮಸಾಬರು ನೋಟುಬುಕ್ಕನ್ನು ತಮ್ಮ ಕಡೆಗೆ ಎಳೆದುಕೊಂಡರು. ಚೈತ್ರದ ಹಾಳೆ ತೆಗೆದು ಆರು ಸಾಲುಗಳ ಮೇಲೆ ಬೆರಳಾಡಿಸಿದರು. ಮೂವತ್ತೊಂದು ಮುಕ್ಕಾಲು. ಮೂವತ್ತೊಂದು. ಮೂವತ್ತೂವರೆ. "ಈ ಅಂಕಿ ಬರೆಯುವಾಗ ನನಗೂ ಆ ಊರಿನವರ ನೆನಪಾಗಿತ್ತು," ಎಂದರು. "ಹಿಂದಿನ ಸಲ ಬಂದಾಗ ನನಗೂ ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟಿದ್ದರು. ಈ ಸಲ ಯಾರೂ ಬರಲಿಲ್ಲ. ವಯಸ್ಸಾದವರು ತೀರಿಹೋಗಿರಬೇಕು, ಉಳಿದವರಿಗೆ ಆಸೆ ಹೋಗಿರಬೇಕು ಅಂದುಕೊಂಡೆ."

ಆಮೇಲೆ ಫಕೀರೇಶ ಕೆಲಸಕ್ಕೆ ಕೂತ. ತಾನು ತೆಗೆದಿಟ್ಟಿದ್ದ ನಕಲಿನಿಂದ ಹಳೆಯ ಪ್ಲಗಿನ್ನನ್ನು ಹೊರಗೆ ತೆಗೆದ. ಎಸೆಯಲಿಲ್ಲ. ಒಂದೊಂದು ಸಾಲಾಗಿ ಓದಿದ. ಮೊದಲ ಸಲ ಅವನು ಅದನ್ನು ಓದಿರಲಿಲ್ಲ. ಗಡಿಯಾರ ಮಾತ್ರ ನೋಡಿದ್ದ. ಈಗ ಓದಿದರೆ ತಿಳಿಯಿತು, ಅದರ ಗುಣದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೇಳುವ ಜಾಗ ಮಾತ್ರ ತಪ್ಪಿತ್ತು. ಊರಿಗೆ ಬಂದವರನ್ನೆಲ್ಲ ಅಗಸೆಬಾಗಿಲಲ್ಲಿ ನಿಲ್ಲಿಸಿಕೊಂಡು, ಒಬ್ಬೊಬ್ಬರಿಗೂ ಹೊಸದಾಗಿ ಕೇಳಲು ಓಡುತ್ತಿತ್ತು.

ಅವನು ಅದನ್ನು ತಿದ್ದಿದ. ಇಮಾಮಸಾಬರಿಗೆ ಫೋನಿನಲ್ಲಿ ಒಂದು ಚಿಕ್ಕ ಪುಟ ಮಾಡಿಕೊಟ್ಟ. ಅವರು ಕಂಬ ನೋಡಿ ಬಂದು ಅದರಲ್ಲಿ ಅಂಕಿ ಒತ್ತಬೇಕು. ಪ್ಲಗಿನ್ ಬೆಳಿಗ್ಗೆ ಒಂದೇ ಸಲ ಆ ಅಂಕಿ ಕೇಳಿ ತಂದು ಇಟ್ಟುಕೊಳ್ಳಬೇಕು. ಆಮೇಲೆ ಎಷ್ಟು ಜನ ಬಂದರೂ ಇಟ್ಟುಕೊಂಡದ್ದನ್ನೇ ತೋರಿಸಬೇಕು. ಯಾರೂ ಕಾಯಬೇಕಿಲ್ಲ. ಉತ್ತರ ಬಾರದ ದಿನ ಅದು ಪುಟವನ್ನು ತಡೆಯದೆ, ಹಿಂದಿನ ದಿನದ ಅಂಕಿಯನ್ನು ಅದರ ತಾರೀಖಿನ ಸಮೇತ ತೋರಿಸಿ, 'ಇವತ್ತು ಉತ್ತರ ಬರಲಿಲ್ಲ' ಎಂದು ಫಕೀರೇಶನಿಗೆ ಸುದ್ದಿ ಕಳಿಸಬೇಕು. ಎರಡು ದಿನದ ಕೆಲಸವಾಯಿತು. ಪುಟ ಮೊದಲಿನಷ್ಟೇ ಬೇಗ ತೆರೆಯಿತು. ತುದಿಯಲ್ಲಿ ಸಾಲು ಇತ್ತು.

ಮರುದಿನ ಬೆಳಿಗ್ಗೆ ನಿಂಬೆವ್ವನ ಸೊಸೆ, "ಐವತ್ತೆರಡು ಅಡಿ, ಅತ್ತೆ," ಎಂದು ಓದಿದಳು. "ಇರಲಿ," ಎಂದಳು ನಿಂಬೆವ್ವ.

ಮುಂದಿನ ಬೇಸಿಗೆಯಲ್ಲಿ ನೀರು ಮೂವತ್ತೈದಕ್ಕೆ ಇಳಿದು ನಿಂತಿತು. ಊರು ಏಳಲಿಲ್ಲ. ನಿಂಬೆವ್ವ ದಿನಾ ಸಾಲು ಓದಿಸಿಕೊಂಡಳು. ಆ ಕಾರ್ತಿಕದಲ್ಲಿ ಆಕೆ ತೀರಿಕೊಂಡಳು.

ಅದರ ಮುಂದಿನ ಬೇಸಿಗೆಯಲ್ಲಿ ಊರು ಎದ್ದಿತು.

ಒಂದು ವಾರ ಮೊದಲೇ ಎಲ್ಲರಿಗೂ ಗೊತ್ತಾಗಿತ್ತು. ಮೂವತ್ತಾರು, ಮೂವತ್ತನಾಲ್ಕು, ಮೂವತ್ತಮೂರು ಎಂದು ಅಂಕಿ ಇಳಿಯುವುದನ್ನು ಏಳು ಕಡೆಯಲ್ಲೂ ಓದಿದರು. ಬುತ್ತಿ ಕಟ್ಟಿಕೊಂಡು ಬಂದರು. ಮಾಸ್ತರರು ಕೋಲು ಊರಿಕೊಂಡು ಬಂದರು. ಇಮಾಮಸಾಬರನ್ನು ಕೈಹಿಡಿದು ಕರೆತಂದರು. ಬಾವಿ ಗಿರಣಿಯ ಎಡಕ್ಕೇ ಇತ್ತು. ಅಣ್ಣತಮ್ಮಂದಿರು ಅದನ್ನು ನೋಡಿ ನಕ್ಕರು. ಜನ ಓಣಿಯಲ್ಲಿ ಮೆಲ್ಲಗೆ ನಡೆದರು. ಇಲ್ಲದ ಬಾಗಿಲುಗಳ ಮುಂದೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು.

ಫಕೀರೇಶನನ್ನೂ ಕರೆದಿದ್ದರು. ಅವನು ಮಾಸ್ತರರನ್ನು ಕೇಳಿ ನಿಂಬೆವ್ವನ ಮನೆಯ ಜಾಗಕ್ಕೆ ಹೋದ. ಜಗಲಿಯ ಮೇಲೆ ಒಂದು ಗೇಣು ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅವನು ಕೂತು ಕೈಯಿಂದಲೇ ಹೆಂಟೆಹೆಂಟೆಯಾಗಿ ಎಬ್ಬಿಸಿ ತೆಗೆದ. ಕೆಳಗೆ ಕಲ್ಲು ಸಿಕ್ಕಿತು. ಹೊಳೆಯ ನೀರು ತಂದು ತೊಳೆದ. ಕಲ್ಲಿನ ಮೇಲೆ ಗೀಟುಗಳು ಮೂಡಿದವು. ಐದು ಮನೆ ಉದ್ದ, ಐದು ಮನೆ ಅಗಲ. ಚೌಕಾಬಾರದ ಮನೆ.

ಒಬ್ಬ ಮುದುಕಿ ಬಂದು ಪಕ್ಕದಲ್ಲಿ ನಿಂತಳು. ಅವಳು ನಿಂಬೆವ್ವನ ನಾದಿನಿ.

"ನಾವಿಬ್ಬರೂ ಸೇರಿ ಕೊರೆದದ್ದು," ಎಂದಳು. "ಆಕೆ ಮದುವೆಯಾಗಿ ಬಂದ ವರ್ಷ. ಅತ್ತೆ ಹೊಲಕ್ಕೆ ಹೋದಾಗ ಉಳಿ ಹಿಡಿದು ಕೊರೆದೆವು. ಬೈಸಿಕೊಂಡೆವು."

ಅವಳು ಕವಡೆಯ ಬದಲಿಗೆ ಕೆಸರಿನಲ್ಲಿ ಬಿದ್ದಿದ್ದ ನಾಲ್ಕು ಕಪ್ಪೆಚಿಪ್ಪುಗಳನ್ನು ಹೆಕ್ಕಿದಳು. ಸೆರಗಿನಿಂದ ಒರೆಸಿದಳು. ಹಂಚಿನ ಚೂರುಗಳನ್ನು ಒಂದು ಕಡೆ, ಕಲ್ಲುಹರಳುಗಳನ್ನು ಒಂದು ಕಡೆ ಜೋಡಿಸಿದಳು. ಜಗಲಿಯ ಒಂದು ಬದಿಗೆ ಕೂತಳು.

"ಆ ಕಡೆ ಕೂಡು ತಮ್ಮಾ," ಎಂದಳು. "ಅದು ಆಕೆಯ ಜಾಗ. ಆಕೆಯ ಆಟ ನೀನು ಆಡು."

ಫಕೀರೇಶ ಕೂತ. ಅವಳು ಚಿಪ್ಪು ಅವನ ಕೈಗೆ ಕೊಟ್ಟಳು. ಬಿಸಿಲು ನೆತ್ತಿಗೆ ಬರುವವರೆಗೂ ಇಬ್ಬರೂ ಆಡಿದರು. ಅವನು ಕಾಯಿ ತಪ್ಪು ಮನೆಗೆ ಇಟ್ಟಾಗಲೆಲ್ಲ ಅವಳು, "ನಿಂಬೆವ್ವ ಹೀಗೆ ಆಡುತ್ತಿರಲಿಲ್ಲ," ಎಂದು ಸರಿಯಾದ ಮನೆಗೆ ಇಟ್ಟಳು. ಊಟಕ್ಕೆ ಕರೆದಾಗ ಎದ್ದರು. ಯಾರು ಗೆದ್ದರು ಎಂದು ಇಬ್ಬರೂ ನೋಡಲಿಲ್ಲ.

ನಾಲ್ಕು ದಿನದ ಮೇಲೆ ನೀರು ಏರಿತು. ಅವತ್ತೂ ಪುಟದ ತುದಿಯಲ್ಲಿ ಅಂಕಿ ಬಂತು.

ಗುರು ಕತೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: "ಹಾಗಾದರೆ ಪುಟ ನಿಧಾನವಾದರೂ ಪ್ಲಗಿನ್ ಇರಲಿ ಎನ್ನುತ್ತೀರಾ, ಗುರುಗಳೇ? ಆರು ತಿಂಗಳು ಆ ಜನರೂ ಬಾಗಿಲಲ್ಲಿ ನಿಂತು ಹಿಂದಿರುಗಿದರಲ್ಲ. ಅದೂ ನೋವೇ ಅಲ್ಲವೇ?"

"ನೋವೇ," ಎಂದರು ಗುರು. "ತಡೆ ಇರಬಾರದು. ಫಕೀರೇಶ ಹುಡುಕಿದ ಕ್ರಮದಲ್ಲಿ ತಪ್ಪಿರಲಿಲ್ಲ. ನಾನು ನಿನಗೆ ಕಲಿಸಿದ್ದೂ ಅದೇ ಕ್ರಮ. ಸಂಜೆಯೊಳಗೆ ನಿನ್ನ ತಾಣವೂ ಬೇಗ ತೆರೆಯಬೇಕು."

ಶಿಷ್ಯೆಯ ಮುಖ ಅರಳಿತು. ಅವಳು ಏಳಲು ಹೊರಟಳು.

ಗುರು ಕೇಳಿದರು: "ನಿನ್ನ ಪ್ಲಗಿನ್ ಯಾರ ಸಲುವಾಗಿ ಕಾಯುತ್ತಿದೆ?"

ಶಿಷ್ಯೆ ಮತ್ತೆ ಕೂತಳು. ಪ್ಲಗಿನ್ನನ್ನು ತೆರೆದು ಮೊದಲ ಸಾಲಿನಿಂದ ಓದತೊಡಗಿದಳು.